ಪಾಚಿಗೊಂದು ಕೆಳಮನೆ

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿ. ಹಿಡಿಯುವುದು ಸುಮಾರು 340 ಲೀಟರ್ ಉಪ್ಪುನೀರು. ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮೀರಾ ಮೇಸಾ ಬಡಾವಣೆಯ ನನ್ನ ಗೆಳೆಯನ ಮನೆಯಲ್ಲಿ, ಟೀವಿ ಇರಬೇಕಾದ ಗೋಡೆಯನ್ನು ಅದು ಆಕ್ರಮಿಸಿಕೊಂಡಿದೆ. ಬೆಳಿಗ್ಗೆ ಹತ್ತಕ್ಕೆ ಮೇಲಿನ ದೀಪಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಮೊದಲು ಕಡುನೀಲಿ, ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಬಿಳಿ. ನೀಲಿ ಬೆಳಕು ಇರುವಷ್ಟು ಹೊತ್ತು ತೊಟ್ಟಿಯಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ಅಂಗಿ ಗುಂಡಿಯಗಲದ ಜೊವಾಂಥಿಡ್ ಹವಳಗಳು ಕಿತ್ತಳೆ, ಗಿಳಿಹಸಿರು ಬಣ್ಣದಲ್ಲಿ ಉರಿಯುತ್ತವೆ. ಹ್ಯಾಮರ್ ಹವಳ ತನ್ನ ದಪ್ಪ ಬೆರಳುಗಳನ್ನು ನೀರಿನ ಸೆಳೆತಕ್ಕೆ ಬಿಟ್ಟು ತೂಗುತ್ತದೆ. ಜೋಡಿ ಕ್ಲೌನ್ ಮೀನುಗಳು ಆ ಬೆರಳುಗಳ ನಡುವೆ ನುಸುಳಿ, ಇನ್ನೊಂದು ಕಡೆಯಿಂದ ಇಣುಕುತ್ತವೆ.

ಬಿಳಿ ಬೆಳಕು ಬಂದಮೇಲೆ ಮನೆಯ ಗುಟ್ಟು ರಟ್ಟಾಗುತ್ತದೆ. ಬಂಡೆಯ ಎಡಮಗ್ಗುಲು ಪೂರ್ತಿ ಹಸಿರು ಕೂದಲು. ಎರಡು ಮೂರು ಇಂಚಿನ ಎಳೆಗಳು, ಅಲೆಯೆಬ್ಬಿಸುವ ಪಂಪು ತಿರುಗಿದಂತೆಲ್ಲ ಒಮ್ಮೆ ಅತ್ತ, ಒಮ್ಮೆ ಇತ್ತ ಮಲಗಿ ಏಳುತ್ತಿವೆ. ಎಳೆಗಳ ಬುಡದಲ್ಲಿ ಕಂದು ಧೂಳು. ಬಂಡೆಯ ಸಂದಿನಲ್ಲಿ ಬಟಾಣಿ ಗಾತ್ರದ ಹಸಿರು ಗುಳ್ಳೆಗಳು, ಮುತ್ತಿನ ಹಾಗೆ ಹೊಳೆಯುವ ವೆಲೋನಿಯಾ. ಮರಳಿನ ಮೇಲೆ ಅಂಗೈಯಗಲ ನೇರಳೆಗೆಂಪು ಲೋಳೆ ಹಾಸಿಕೊಂಡಿದೆ. ಅದಂತೂ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯ. ಆದರೆ ಈ ಹವ್ಯಾಸದವರ ಬೈಗುಳದ ಪಟ್ಟಿಯಲ್ಲಿ ಅದಕ್ಕೂ ಪಾಚಿಯ ಸಾಲಿನಲ್ಲೇ ಜಾಗ. ಹಸಿರು ಕೂದಲು ಜೊವಾಂಥಿಡ್ ಗುಂಪಿನ ಅಂಚನ್ನು ಮುಟ್ಟಿದೆ. ಮುಟ್ಟಿದ ಕಡೆ ಹವಳಗಳು ಬಾಯಿ ಮುಚ್ಚಿಕೊಂಡಿವೆ.

ಗೆಳೆಯ ತೋಳು ಮಡಚಿ, ಗಾಜಿಗೆ ಮೂಗು ತಾಗಿಸುವಷ್ಟು ಹತ್ತಿರ ಕೂತು ನೋಡುತ್ತಾನೆ. ಅವನ ಹಿಂದೆ ಅವನ ತಾಯಿ. ಆರು ತಿಂಗಳ ಮಟ್ಟಿಗೆ ಸಾಗರದಿಂದ ಬಂದವರು. ಮಲೆನಾಡಿನ ಮಳೆಗಾಲದಲ್ಲಿ ಅಂಗಳ ಜಾರದಿರಲೆಂದು ಅಡಕೆ ದಬ್ಬೆ ಹಾಸಿ, ಬಚ್ಚಲುಕಲ್ಲಿಗೆ ಬ್ಲೀಚಿಂಗ್ ಪುಡಿ ಎರಚಿ, ಪಾಚಿಯ ಜೊತೆ ಇಡೀ ಆಯುಷ್ಯ ಜಗಳವಾಡಿ ಗೆದ್ದವರು. ಈ ಗಾಜಿನ ತೊಟ್ಟಿಯ ಮುಂದೆ ಮಗ ಸೋತು ಕೂತಿರುವುದು ಅವರಿಗೆ ಅರ್ಥವಾಗುತ್ತಿಲ್ಲ.

"ಒಂದು ಭಾನುವಾರ ನೀರೆಲ್ಲ ಚೆಲ್ಲಿ, ಕಲ್ಲು ಹೊರಗೆ ತೆಗೆದು ತಿಕ್ಕಿ ಬಿಸಿಲಿಗಿಟ್ರೆ ಆಯ್ತಪ್ಪ. ಅದಕ್ಯಾಕೆ ಇಷ್ಟು ಒದ್ದಾಟ?"

"ಕಲ್ಲು ಒಣಗಿಸಿದ್ರೆ ಅದರೊಳಗಿರೋ ಬ್ಯಾಕ್ಟೀರಿಯ ಸಾಯ್ತವೆ ಅಮ್ಮ. ಅವು ಸತ್ರೆ ಹಿಂದೆನೇ ಮೀನೂ ಹೋಗ್ತವೆ."

ಅವನು ಹೇಳಿದ್ದು ಸರಿ. ಸಣ್ಣ ಸಣ್ಣ ತೂತುಗಳ ಆ ಬಂಡೆಯೇ ಈ ತೊಟ್ಟಿಯ ಮೂತ್ರಪಿಂಡ. ಮೀನು ವಿಸರ್ಜಿಸುವ ಅಮೋನಿಯವನ್ನು ಅಲ್ಲಿನ ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯ ಮೀನಿಗೆ ವಿಷ. ನೈಟ್ರೇಟ್ ಅಷ್ಟೇನೂ ಅಪಾಯವಲ್ಲ, ಆದರೆ ಅದು ಗೊಬ್ಬರ. ಆಹಾರದ ಜೊತೆ ಬರುವ ಫಾಸ್ಫೇಟೂ ಗೊಬ್ಬರವೇ. ಅಡಕೆ ತೋಟಕ್ಕೆ ಹಾಕುವ ಚೀಲದ ಮೇಲೆ ಎನ್‌ಪಿಕೆ ಎಂದು ಬರೆದಿರುತ್ತದಲ್ಲ, ಅದರಲ್ಲಿ ಎನ್ ಮತ್ತು ಪಿ ಎರಡೂ ಇಲ್ಲಿ ದಿನವೂ ನೀರಿಗೆ ಬೀಳುತ್ತಿವೆ. ಮೇಲೆ ದಿನಕ್ಕೆ ಹತ್ತು ತಾಸು ಪ್ರಖರ ಬೆಳಕು. ಪಾಚಿ ಬೆಳೆಯದಿದ್ದರೆ ಆಶ್ಚರ್ಯಪಡಬೇಕು.

ಈ ಸಲದ ಫಸಲಿನ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಡಿಸೆಂಬರಿನಲ್ಲಿ ಮನೆಯವರೆಲ್ಲ ಊರಿಗೆ ಹೋಗಿದ್ದರು. ಮೀನಿನ ಉಸ್ತುವಾರಿ ಪಕ್ಕದ ಮನೆಯ ಹೈಸ್ಕೂಲು ಹುಡುಗನದು. ಬಲು ನಿಷ್ಠೆಯ ಹುಡುಗ, ಒಂದು ಹೊತ್ತೂ ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಚೆನ್ನಾಗಿತ್ತು. ಮೀನುಗಳು ಗಾಜಿನ ಹತ್ತಿರ ಬಂದು ಬಳುಕಿದಾಗಲೆಲ್ಲ ಪಾಪ, ಹಸಿದಿವೆ ಎಂದುಕೊಂಡ. ಹೆಪ್ಪುಗಟ್ಟಿಸಿದ ಮೈಸಿಸ್ ಸೀಗಡಿಯ ಬಿಲ್ಲೆ ದಿನಕ್ಕೊಂದರಂತೆ ಹಾಕು ಎಂದಿದ್ದರೆ ಮೂರು ಹಾಕಿದ. ತಿಂದು ಮಿಕ್ಕಿದ್ದು ಬಂಡೆಯ ಹಿಂದೆ ಸೇರಿತು. ಇವರು ವಾಪಸು ಬಂದಾಗ ಮೀನುಗಳು ದುಂಡಗಾಗಿದ್ದವು, ಬಂಡೆಗೆ ಕೂದಲು ಬಂದಿತ್ತು. ಹಾಕಿದ್ದು ಎಲ್ಲಿಗಾದರೂ ಹೋಗಲೇಬೇಕಲ್ಲ. ತೊಟ್ಟಿಗೆ ಹಿತ್ತಿಲ ಬಾಗಿಲಿಲ್ಲ.

ಮೈಸಿಸ್ ಬಿಲ್ಲೆಯನ್ನು ಜರಡಿಯಲ್ಲಿ ತೊಳೆದು ಹಾಕಿದರೆ ಫಾಸ್ಫೇಟ್ ಹೋಗುತ್ತದೆ ಎಂದು ಈ ಹವ್ಯಾಸದವರಲ್ಲಿ ಒಂದು ನಂಬಿಕೆ. ಸ್ವಲ್ಪ ಹೋಗುತ್ತದೆ, ಸುಳ್ಳಲ್ಲ. ಬಹುಪಾಲು ಫಾಸ್ಫೇಟ್ ಇರುವುದು ಸೀಗಡಿಯ ಮೈಯೊಳಗೆ. ತೊಳೆಯುವ ಶ್ರದ್ಧೆಯ ಅರ್ಧದಷ್ಟನ್ನು ಕಡಿಮೆ ಹಾಕುವುದರಲ್ಲಿ ತೋರಿಸಿದರೆ ಲಾಭ ಹೆಚ್ಚು ಎಂಬುದು ನನ್ನ ಎಣಿಕೆ.

ಅಡುಗೆಮನೆಯ ಕಟ್ಟೆಯ ಮೇಲೆ ಪರೀಕ್ಷೆ ಶುರುವಾಗುತ್ತದೆ. ಹತ್ತು ಮಿಲಿಲೀಟರ್ ಹಿಡಿಯುವ ಪುಟ್ಟ ಗಾಜಿನ ಸೀಸೆ. ಗೆಳೆಯ ಸಿರಿಂಜಿನಲ್ಲಿ ತೊಟ್ಟಿಯ ನೀರೆಳೆದು ಗೆರೆಯವರೆಗೆ ತುಂಬಿಸುತ್ತಾನೆ. ಸೀಸೆಯ ಹೊರಮೈಯನ್ನು ಕನ್ನಡಕದ ಬಟ್ಟೆಯಿಂದ ಒರೆಸುತ್ತಾನೆ. ಬೆರಳಚ್ಚು ಬಿದ್ದರೆ ಬೆಳಕು ದಾರಿ ತಪ್ಪಿ ಲೆಕ್ಕವೂ ತಪ್ಪುತ್ತದೆ. ಅಂಗೈಯಲ್ಲಿ ಹಿಡಿಯಬಹುದಾದ ಹಾನ್ನಾ ಕಂಪನಿಯ ಮೀಟರಿನೊಳಗೆ ಸೀಸೆಯಿಟ್ಟು ಒಮ್ಮೆ ಗುಂಡಿ ಒತ್ತುತ್ತಾನೆ. ಸೊನ್ನೆ. ಹೊರಗೆ ತೆಗೆದು, ಒಂದು ಪೊಟ್ಟಣವನ್ನು ಮೂಲೆಯಲ್ಲಿ ಕತ್ತರಿಸಿ, ಕಾಗದವನ್ನು ದೋಣಿಯ ಹಾಗೆ ಮಡಚಿ ಪುಡಿಯನ್ನು ಸೀಸೆಗೆ ಸುರಿಯುತ್ತಾನೆ. ಒಂದು ಕಣ ಚೆಲ್ಲಿದರೂ ಮುಖ ಕಿವುಚುತ್ತಾನೆ. ಎರಡು ನಿಮಿಷ ಮೆಲ್ಲಗೆ ಅಲುಗಾಡಿಸಬೇಕು, ಗುಳ್ಳೆ ಏಳಬಾರದು. ನೀರಿಗೆ ಇದೆಯೋ ಇಲ್ಲವೋ ಎನ್ನುವಷ್ಟು ನೀಲಿ ಬಣ್ಣ ಬರುತ್ತದೆ. ಮತ್ತೆ ಒಳಗಿಟ್ಟು ಗುಂಡಿ ಒತ್ತಿದರೆ ಮೂರು ನಿಮಿಷದ ಇಳಿಯೆಣಿಕೆ. ಸೊಸೆ ಕಾಫಿ ತಂದಿಡುತ್ತಾಳೆ. "ರೀ, ಆರುತ್ತೆ" ಎನ್ನುತ್ತಾಳೆ. ಯಾರೂ ಕಪ್ಪು ಮುಟ್ಟುವುದಿಲ್ಲ. 0.21.

ಹವಳದ ದಿಬ್ಬಗಳ ಸುತ್ತಲಿನ ಕಡಲಿನಲ್ಲಿ ಫಾಸ್ಫೇಟ್ ಲೀಟರಿಗೆ ಒಂದು ಮಿಲಿಗ್ರಾಮಿನ ನೂರನೇ ಒಂದೆರಡು ಭಾಗ ಇದ್ದರೆ ಹೆಚ್ಚು. ಮನೆಯ ತೊಟ್ಟಿಗಳಲ್ಲಿ 0.03ರಿಂದ 0.1ರ ಒಳಗೆ ಇಟ್ಟುಕೊಂಡರೆ ಸಾಕೆಂದು ಅನುಭವಿಗಳು ಹೇಳುತ್ತಾರೆ. ಇಲ್ಲಿರುವುದು ಅದರ ಎರಡು ಪಟ್ಟು. ಇನ್ನೊಂದು ಮಾತು: ಇದು ನೀರಿನಲ್ಲಿ ಉಳಿದ ಲೆಕ್ಕ ಮಾತ್ರ. ಆ ಹಸಿರು ಕೂದಲು ಈಗಾಗಲೇ ಉಂಡು ಮೈಗೆ ಹಚ್ಚಿಕೊಂಡಿರುವುದು ಮೀಟರಿಗೆ ಸಿಕ್ಕುವುದಿಲ್ಲ. ಎಷ್ಟೋ ತೊಟ್ಟಿಗಳಲ್ಲಿ ಪಾಚಿ ಮೊಣಕೈಯುದ್ದ ಬೆಳೆದಿರುತ್ತದೆ, ಪರೀಕ್ಷೆಯಲ್ಲಿ ನೈಟ್ರೇಟ್ ಸೊನ್ನೆ ಬರುತ್ತದೆ, ಯಜಮಾನ ತಲೆ ಕೆರೆದುಕೊಳ್ಳುತ್ತಾನೆ. ಬಂಡೆಯದು ಬೇರೆ ಕಥೆ. ಸುಣ್ಣದ ಆ ಬಂಡೆ ಫಾಸ್ಫೇಟನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ, ನೀರಿನಲ್ಲಿ ಕಡಿಮೆಯಾದಾಗ ಮೆಲ್ಲಗೆ ಬಿಡುತ್ತದೆ. ನೂರು ಲೀಟರ್ ಹೊಸ ನೀರು ಹಾಕಿ ಇವತ್ತು ಇಳಿಸಿದ ಅಂಕೆ ಎರಡು ದಿನದಲ್ಲಿ ಮತ್ತೆ ಮೇಲೇರಿ ಕೂರುವುದು ಇದರಿಂದಲೇ.

ಆ ಹೊಸ ನೀರಿನದೂ ಒಂದು ವ್ಯವಹಾರವಿದೆ. ಸ್ಯಾನ್ ಡಿಯಾಗೊಗೆ ಬರುವ ನೀರಿನಲ್ಲಿ ಹೆಚ್ಚಿನ ಪಾಲು ದೂರದ ಕೊಲರಾಡೊ ನದಿಯದು, ಗಡಸು ನೀರು. ಗರಾಜಿನ ಗೋಡೆಗೆ ಉದ್ದುದ್ದ ಕೊಳವೆಗಳ ಆರ್‌ಓ ಫಿಲ್ಟರ್ ನೇತುಹಾಕಿದ್ದಾನೆ. ನಲ್ಲಿಯ ನೀರಿಗೆ ಟಿಡಿಎಸ್ ಕಡ್ಡಿ ಅದ್ದಿದರೆ 480. ಆರ್‌ಓ ದಾಟಿ, ಕೊನೆಯ ಕೊಳವೆಯಲ್ಲಿರುವ ರಾಳದ ಮಣಿಗಳನ್ನೂ ದಾಟಿ ಬಂದಾಗ ಸೊನ್ನೆ ತೋರಿಸಬೇಕು. ಇವತ್ತು 6 ತೋರಿಸುತ್ತದೆ. ನೀಲಿಯಾಗಿದ್ದ ಮಣಿಗಳು ಬುಡದಿಂದ ಮುಕ್ಕಾಲು ಪಾಲು ಕಂದು ಬಣ್ಣಕ್ಕೆ ತಿರುಗಿವೆ. ಮಣಿಗಳು ದಣಿದಾಗ ಮೊದಲು ನುಸುಳುವುದರಲ್ಲಿ ಸಿಲಿಕೇಟೂ ಒಂದು. ಬುಡದ ಕಂದು ಧೂಳು, ಅಂದರೆ ಡಯಾಟಮ್, ತನ್ನ ಚಿಪ್ಪು ಕಟ್ಟಿಕೊಳ್ಳುವುದೇ ಅದರಿಂದ. ಹೊಸ ಮಣಿ ತುಂಬಿದರೆ ಆ ಧೂಳಿನ ಕಥೆ ಅಲ್ಲಿಗೆ ಮುಗಿಯುತ್ತದೆ. ಕೂದಲಿನದು ಮುಗಿಯುವುದಿಲ್ಲ.

ಕೂದಲಿಗೆ ಕೈಯೇ ಗತಿ. ಗೆಳೆಯ ಅಂಗಿಯ ತೋಳು ಭುಜದವರೆಗೆ ಮಡಚುತ್ತಾನೆ. ಎಡಗೈಯಲ್ಲಿ ಬೆರಳು ದಪ್ಪದ ಪ್ಲಾಸ್ಟಿಕ್ ಕೊಳವೆ, ಬಲಗೈಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್. ಕೊಳವೆಯ ತುದಿ ನೆಲದ ಮೇಲಿನ ಬಕೆಟ್ಟಿನಲ್ಲಿದೆ. ಬ್ರಷ್ಷಿನಿಂದ ಒಂದು ಎಳೆಗೊಂಚಲನ್ನು ತಿರುಚಿ ಬುಡದಿಂದ ಎಬ್ಬಿಸುತ್ತಾನೆ. ಅದು ತೇಲಿ ಬೇರೆ ಕಡೆ ಬೇರೂರುವ ಮೊದಲು ಕೊಳವೆ ಅದನ್ನು ಸೊರ್‍ರೆಂದು ಎಳೆದುಕೊಳ್ಳುತ್ತದೆ. ನೀರಿನ ಜೊತೆ ಹಸಿರು ಎಳೆಗಳು, ಅದರಲ್ಲಿ ಮನೆಮಾಡಿದ್ದ ಅಕ್ಕಿಕಾಳಿಗಿಂತ ಚಿಕ್ಕ ಸೀಗಡಿಯಂಥ ಜೀವಿಗಳು, ಕೊಳೆತ ಆಹಾರದ ಕಸ ಎಲ್ಲವೂ ಬಕೆಟ್ಟಿಗೆ ಬೀಳುತ್ತವೆ. ತಾಯಿ ಬಕೆಟ್ಟಿನ ಮೇಲೆ ಬಗ್ಗಿ ನೋಡಿ, ಮೂಗಿಗೆ ಸೆರಗು ಹಿಡಿಯುತ್ತಾರೆ. ಹೊನ್ನಾವರದ ಬಂದರಿನ ಕಡೆಯ ಗಾಳಿ ನೆನಪಾಯಿತಂತೆ.

ಜೊವಾಂಥಿಡ್ ಕೂತಿದ್ದ ಸಣ್ಣ ಕಲ್ಲನ್ನು ಅವನು ಹೊರಗೇ ತೆಗೆಯುತ್ತಾನೆ. ಔಷಧಿ ಅಂಗಡಿಯ ಕಂದು ಸೀಸೆಯಲ್ಲಿರುವ, ಗಾಯಕ್ಕೆ ಹಾಕುವ ಶೇಕಡ 3ರ ಹೈಡ್ರೋಜನ್ ಪೆರಾಕ್ಸೈಡ್. ಹವಳಕ್ಕೆ ತಾಗದಂತೆ ಪಾಚಿಯ ಬುಡಕ್ಕಷ್ಟೇ ಸಿರಿಂಜಿನಿಂದ ಹನಿಹನಿಯಾಗಿ ಬಿಡುತ್ತಾನೆ. ಬುರುಬುರು ನೊರೆ. ಒಂದೆರಡು ನಿಮಿಷ ಬಿಟ್ಟು, ಬೇರೆ ಬಟ್ಟಲಿನ ಉಪ್ಪುನೀರಿನಲ್ಲಿ ಜಾಲಾಡಿಸಿ ಮತ್ತೆ ತೊಟ್ಟಿಗಿಳಿಸುತ್ತಾನೆ. ಹವಳ ಮುನಿಸಿಕೊಂಡು ಮುದುಡಿದೆ. ನಾಳೆಯೋ ನಾಡಿದ್ದೋ ತೆರೆಯುತ್ತದೆ. ಆ ಹೊತ್ತಿಗೆ ಹಸಿರು ಎಳೆಗಳು ಬಿಳಿಚಿಕೊಂಡು ಉದುರುತ್ತವೆ. ಮೂರು ದಿನ ದೀಪ ಆರಿಸಿ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸುವವರಿದ್ದಾರೆ. ಬ್ರಯೊಪ್ಸಿಸ್ ಎಂಬ ಗರಿಯಾಕಾರದ ಹಟಮಾರಿ ಪಾಚಿಗೆ ಮನುಷ್ಯರ ಶಿಲೀಂಧ್ರ ಸೋಂಕಿನ ಮಾತ್ರೆ ಫ್ಲುಕೊನಜೋಲ್ ಕರಗಿಸಿ ಹಾಕುವವರೂ ಇದ್ದಾರೆ, ಅದು ಕೆಲಸ ಮಾಡುವುದೂ ಉಂಟು. ಕಾರಣ ಹಾಗೇ ಉಳಿದರೆ ಇವೆಲ್ಲ ತಿಂಗಳೊಪ್ಪತ್ತಿನ ನೆಮ್ಮದಿ.

ಕೈ ಬಿಟ್ಟ ಜಾಗಕ್ಕೆ ಬಾಯಿಗಳು ಬರುತ್ತವೆ. ಬ್ರಷ್ಷು ಹೋದ ಹಿಂದೆಯೇ ಹಳದಿ ಟ್ಯಾಂಗ್ ಮೀನು ಬಂದಿದೆ. ತಟ್ಟೆಯ ಹಾಗೆ ಚಪ್ಪಟೆ, ಅಚ್ಚ ಅರಿಶಿನ ಬಣ್ಣ. ಉದ್ದ ಎಳೆಗಳನ್ನು ಅದು ಮೂಸಿಯೂ ನೋಡಿರಲಿಲ್ಲ. ಈಗ ಉಳಿದ ಮೋಟು ಎಳೆಗಳನ್ನು ಚೂಪು ಮೂತಿಯಿಂದ ಟಕಟಕ ಕಡಿಯುತ್ತಿದೆ. ಹವಾಯಿಯ ಕಡಲಿನಿಂದ ಲಕ್ಷಗಟ್ಟಲೆ ಹಿಡಿದು ಮಾರುತ್ತಿದ್ದ ಮೀನಿದು. ಅಲ್ಲಿ ಹಿಡಿಯುವುದಕ್ಕೆ ನ್ಯಾಯಾಲಯದ ತಡೆ ಬಿದ್ದ ಮೇಲೆ ಬೆಲೆ ಗಗನಕ್ಕೇರಿತು. ಮೊಟ್ಟೆಯಿಂದ ಸಾಕಿ ಬೆಳೆಸುವುದು 2015ರಲ್ಲಿ ಹವಾಯಿಯಲ್ಲೇ ಸಾಧ್ಯವಾಯಿತು, ಈ ಮನೆಯದು ಹಾಗೆ ಬೆಳೆದ ಮರಿ. ಲಾನ್‌ಮೋವರ್ ಬ್ಲೆನ್ನಿ ಎಂಬ ದಪ್ಪತುಟಿಯ ಮೀನು ಗಾಜಿಗೆ ಬಾಯೊತ್ತಿ ಮುದ್ರೆಯೊತ್ತಿದಂತೆ ಗುರುತು ಬಿಡುತ್ತ ಹೋಗುತ್ತದೆ. ಟರ್ಬೊ ಬಸವನಹುಳು ನಿಂಬೆಹಣ್ಣಿನ ಗಾತ್ರದ್ದು. ಮೇಯುವುದರಲ್ಲಿ ಅದರ ಸಮ ಯಾರೂ ಇಲ್ಲ, ಆದರೆ ಹವಳಗಳನ್ನು ಬುಲ್ಡೋಜರಿನಂತೆ ಉರುಳಿಸಿಕೊಂಡು ಹೋಗುತ್ತದೆ. ಮಗುಚಿ ಬಿದ್ದರೆ ತಾನಾಗಿ ಏಳಲು ಪರದಾಡುತ್ತದೆ. ಮರಳಿನ ಮೇಲೆ ಒಂದು ಅಂಗಾತ ಬಿದ್ದು ಕಾಲಾಡಿಸುತ್ತಿತ್ತು. ಗೆಳೆಯ ಮಾತಿನ ನಡುವೆಯೇ ಕೈಯಿಳಿಸಿ ತಿರುಗಿಸಿಟ್ಟ. ಟ್ರೋಕಸ್ ಎಂಬ ಗೋಪುರದ ಚಿಪ್ಪಿನ ಹುಳುಗಳು ತಾವೇ ಎದ್ದು ನಡೆಯುತ್ತವೆ, ಹಾಗಾಗಿ ಅವಕ್ಕೆ ಮನೆಯಲ್ಲಿ ಹೆಚ್ಚು ಮರ್ಯಾದೆ.

ಈ ಬಾಯಿಗಳ ಬೆಲೆ ಎಷ್ಟೆಂಬುದನ್ನು ಕಡಲು ಒಮ್ಮೆ ತೋರಿಸಿಕೊಟ್ಟಿದೆ. 1983ರ ಜನವರಿಯಲ್ಲಿ ಪನಾಮಾ ಕಾಲುವೆಯ ಕೆರಿಬಿಯನ್ ತುದಿಯ ಬಳಿ ಡಯಡೆಮಾ ಎಂಬ ಉದ್ದ ಕಪ್ಪು ಮುಳ್ಳುಗಳ ಸೀ ಅರ್ಚಿನ್‌ಗಳು ಮುಳ್ಳುದುರಿಸಿಕೊಂಡು ಸಾಯತೊಡಗಿದವು. ರೋಗ ಪ್ರವಾಹದ ಜೊತೆ ಸಾಗಿ, ಸುಮಾರು ಒಂದು ವರ್ಷದಲ್ಲಿ ಇಡೀ ಕೆರಿಬಿಯನ್ ಸುತ್ತಿತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತವು. ಜಮೈಕಾದಲ್ಲಿ ಪಾಚಿ ಮೇಯುವ ಗಿಳಿಮೀನುಗಳನ್ನು ಜನ ಅದಕ್ಕೂ ಮೊದಲೇ ಹಿಡಿದು ತಿಂದು ಮುಗಿಸಿದ್ದರು. 1980ರ ಚಂಡಮಾರುತ ಹವಳಗಳನ್ನು ಮುರಿದು ಹಾಕಿತ್ತು. ಉಳಿದಿದ್ದ ಒಂದೇ ಮೇಯುವ ಬಾಯಿ ಈ ಅರ್ಚಿನ್. ಅದೂ ಹೋಯಿತು. ಅಲ್ಲಿ ವರ್ಷಾನುಗಟ್ಟಲೆ ಮುಳುಗಿ ಅಳೆದ ಟೆರಿ ಹ್ಯೂಸ್ 1994ರಲ್ಲಿ ಪ್ರಕಟಿಸಿದ ಲೆಕ್ಕ ಇದು: 1977ರಲ್ಲಿ ದಿಬ್ಬದ ಶೇಕಡ 52 ಭಾಗ ಜೀವಂತ ಹವಳ, ಪಾಚಿ ಶೇಕಡ 4. 1990ರ ದಶಕದ ಆರಂಭಕ್ಕೆ ಹವಳ ಶೇಕಡ 3, ಪಾಚಿ ಶೇಕಡ 92. ನಮ್ಮ ಕಡೆಯೂ ಇಂಥದ್ದಿದೆ. ಕೃಷಿಗೆಂದು ತಂದ ಕಪ್ಪಾಫೈಕಸ್ ಕಡಲಕಳೆ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿದೆಯೆಂದು ವಿಜ್ಞಾನಿಗಳು 2008ರಲ್ಲೇ ಬರೆದರು.

ಹಾಗಾದರೆ ಗೊಬ್ಬರವನ್ನೇ ಪೂರ್ತಿ ತೆಗೆದರಾಯಿತಲ್ಲ? ಗೆಳೆಯ ಅದನ್ನೂ ಮಾಡಿ ನೋಡಿದವನು. ಹಿಂದೊಮ್ಮೆ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡಿನ ತುಕ್ಕುಬಣ್ಣದ ಹರಳುಗಳನ್ನು ಧಾರಾಳವಾಗಿ ತುಂಬಿ, ಮೀಟರಿನಲ್ಲಿ ಫಾಸ್ಫೇಟಿನ ಅಂಕೆ ಸೊನ್ನೆಗಿಳಿಸಿದ್ದ. ಹಸಿರು ಹೋಯಿತು. ಅದರ ಜಾಗಕ್ಕೆ ಕಂದು ಸಿಂಬಳದಂಥ ದಾರಗಳು ಬಂದವು, ತುದಿಯಲ್ಲಿ ಗಾಳಿಗುಳ್ಳೆ ಕಟ್ಟಿಕೊಂಡು. ಬೆಳಿಗ್ಗೆ ಕಡಿಮೆ, ಸಂಜೆಯ ಹೊತ್ತಿಗೆ ತೊಟ್ಟಿ ತುಂಬ. ಮಕ್ಕಳ ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದರೆ ಹನಿಯಾಕಾರದ ಜೀವಿಗಳು ಚೂಪು ತುದಿಯ ಮೇಲೆ ಗರಗರ ಸುತ್ತುತ್ತಿದ್ದವು. ಆಸ್ಟ್ರಿಯಾಪ್ಸಿಸ್, ಡೈನೊಫ್ಲಾಜೆಲೇಟ್ ಜಾತಿ. ಇವು ವಿಷ ಕಾರುತ್ತವೆ. ಮೇಯಲು ಹೋದ ಬಸವನಹುಳುಗಳು ಒಂದೊಂದಾಗಿ ಸತ್ತವು. ಎಲ್ಲರಿಗೂ ಹಸಿವಿದ್ದ ಊರಿನಲ್ಲಿ ಹಸಿವು ತಡೆಯಬಲ್ಲವನೇ ಪಾಳೆಗಾರನಾದ. ಕೊನೆಗೆ ದುಡ್ಡು ಕೊಟ್ಟು ನೈಟ್ರೇಟ್, ಫಾಸ್ಫೇಟ್ ಸೀಸೆಗಳನ್ನು ತರಿಸಿ, ದಿನಾ ಹನಿ ಲೆಕ್ಕದಲ್ಲಿ ತೊಟ್ಟಿಗೆ ಹಾಕಬೇಕಾಯಿತು. ಕೊಳೆ ತೆಗೆಯಲು ಸಾವಿರಾರು ಡಾಲರ್ ಸುರಿದ ಮನೆಗೆ ಕೊಳೆಯನ್ನು ಕೊಂಡು ತಂದಿದ್ದನ್ನು ಸೊಸೆ ಇನ್ನೂ ಮರೆತಿಲ್ಲ. ಹವಳಕ್ಕೂ ಒಳಗೆ ಪಾಚಿಯೇ ಅನ್ನದಾತ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಗೂ ಚೂರು ಗೊಬ್ಬರ ಬೇಕು. ಪಾಚಿಯಿಲ್ಲದ ಹವಳ ಬಿಳಿ ಎಲುಬು.

ಈಗ ತೊಟ್ಟಿಯ ಕೆಳಗಿನ ಬಾಗಿಲು ತೆಗೆಯಬೇಕು. ಮರದ ಕಪಾಟಿನೊಳಗೆ ಇನ್ನೊಂದು ಗಾಜಿನ ತೊಟ್ಟಿ, ಸಂಪು. ಮೇಲಿನ ನೀರು ಕೊಳವೆಯಲ್ಲಿ ಇಳಿದು, ಮೊದಲು ಬಿಳಿ ಚೀಲದಲ್ಲಿ ಸೋಸಿ, ಪ್ರೋಟೀನ್ ಸ್ಕಿಮ್ಮರಿಗೆ ಹೋಗುತ್ತದೆ. ಸಣ್ಣಗುಳ್ಳೆಗಳ ನೊರೆ ಎಬ್ಬಿಸಿ ಎಣ್ಣೆ, ಜಿಡ್ಡನ್ನು ಕೊಳೆಯುವ ಮೊದಲೇ ಮೇಲೆ ಹತ್ತಿಸುವ ಯಂತ್ರ ಅದು. ಅದರ ಬಟ್ಟಲಿನಲ್ಲಿ ಕಡುಗಪ್ಪು ಕಷಾಯ. ವಾಸನೆ ಬಗ್ಗೆ ಬರೆಯದಿರುವುದೇ ಲೇಸು. ಅದರಾಚೆಗಿನ ಅಂಕಣದಲ್ಲಿ ಗುಲಾಬಿ ಬೆಳಕು, ಬೆಳಕಿನ ಕೆಳಗೆ ಹಸಿರು ನೈಲಾನ್ ದಾರದ ಸಿಕ್ಕಿನಂತೆ ಒತ್ತೊತ್ತಾಗಿ ಬೆಳೆದ ಪಾಚಿ. ಕೀಟೊಮಾರ್ಫಾ, ಹವ್ಯಾಸಿಗಳ ಬಾಯಲ್ಲಿ ಕೀಟೊ. ಯಾವುದನ್ನು ಮೇಲೆ ಹಲ್ಲುಜ್ಜುವ ಬ್ರಷ್ಷಿನಿಂದ ಕೀಳುತ್ತಿದ್ದನೋ ಅದರ ದಾಯಾದಿಯನ್ನೇ ಕೆಳಗೆ ದೀಪವಿಟ್ಟು ಸಾಕಿದ್ದಾನೆ.

ಇದನ್ನು ರೆಫ್ಯೂಜಿಯಂ ಎನ್ನುತ್ತಾರೆ. ಮೇಲಿನ ದೀಪ ಆರುವ ಹೊತ್ತಿಗೆ ಇಲ್ಲಿನ ದೀಪ ಹೊತ್ತುತ್ತದೆ, ಇಡೀ ರಾತ್ರಿ ಉರಿಯುತ್ತದೆ. ಇವತ್ತು ತೋರಿಸಲೆಂದು ಹಗಲಿನಲ್ಲೇ ಹಾಕಿದ್ದಾನೆ. ಕತ್ತಲಾದ ಮೇಲೆ ಮೇಲಿನವರೆಲ್ಲ ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡಿನಿಂದ ನೀರಿನ ಪಿಎಚ್ ಇಳಿಯುತ್ತದೆ. ಕೆಳಗಿನ ಕೀಟೊ ಅದನ್ನು ಹೀರಿ ತೂಕ ಉಳಿಸುತ್ತದೆ. ಅದು ಬೆಳೆದಷ್ಟು ನೈಟ್ರೇಟ್, ಫಾಸ್ಫೇಟ್ ಮೇಲಿನ ಬಂಡೆಯ ಪಾಚಿಗೆ ತಪ್ಪುತ್ತದೆ. ಹಿಡಿ ಕೊಯ್ದು ಹೊರಗೆ ಹಾಕಿದರೆ ಅಷ್ಟು ಗೊಬ್ಬರ ಮನೆಬಿಟ್ಟು ಹೋದಂತೆ. 1980ರ ದಶಕದ ಆರಂಭದಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಏಡಿ ಎಂಬ ವಿಜ್ಞಾನಿ ಹವಳದ ತೊಟ್ಟಿಗೆ ಇದೇ ಬುದ್ಧಿ ಓಡಿಸಿದ್ದರು. ಬೆಳಕು ಬಿದ್ದ ಜಾಲರಿಯ ಮೇಲೆ ನೀರು ಹಾಯಿಸಿ ಪಾಚಿ ಬೆಳೆಸುವುದು, ಕೆರೆದು ತೆಗೆಯುವುದು, ಮತ್ತೆ ಬೆಳೆಯಗೊಡುವುದು. ಪಾಚಿಯನ್ನು ನೀರೊಳಗೆ ಕೊಂದರೆ ಅದು ಅಲ್ಲೇ ಕೊಳೆತು ಮತ್ತೆ ಗೊಬ್ಬರವಾಗುತ್ತದೆ, ಬೆಳೆಸಿ ಕೊಯ್ದರೆ ಲೆಕ್ಕ ಚುಕ್ತಾ. ಇಷ್ಟೆಲ್ಲ ಸಾಮಾನುಗಳ ನಡುವೆ ನನಗೆ ಬುದ್ಧಿವಂತಿಕೆ ಎನ್ನಿಸಿದ್ದು ಈ ಕೆಳಮನೆಯ ಏರ್ಪಾಡು ಒಂದೇ.

ಗೆಳೆಯ ಮೊಣಕಾಲೂರಿ ಕೂತು ಕೀಟೊ ಮುದ್ದೆಯನ್ನು ಹೊರಗೆಳೆದು, ಅಡುಗೆಮನೆಯ ಕತ್ತರಿಯಿಂದ ಅರ್ಧಕ್ಕೆ ಕತ್ತರಿಸುತ್ತಾನೆ.

"ನಿಂಬೆಗಿಡದ ಬುಡಕ್ಕೆ ಹಾಕ್ಲೇನೋ?"

"ಉಪ್ಪಿರತ್ತೆ ಅಮ್ಮ, ಗಿಡ ಸುಟ್ಟುಹೋಗತ್ತೆ. ಫ್ರೀಜರಿಗಿಟ್ಟು ಆಮೇಲೆ ಕಸಕ್ಕೆ ಹಾಕ್ತೀನಿ. ಚರಂಡಿಗಂತೂ ಹಾಕ್ಬೇಡ."

ಚರಂಡಿಯ ಮಾತು ಈ ಊರಿನಲ್ಲಿ ಕಾಟಾಚಾರದ್ದಲ್ಲ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದ ಸಮುದ್ರದಲ್ಲಿ ಒಂದು ಚದರ ಮೀಟರಿನಷ್ಟು ಕೌಲರ್ಪಾ ಟ್ಯಾಕ್ಸಿಫೋಲಿಯಾ ಕಂಡಿತ್ತು. ಅಕ್ವೇರಿಯಂಗಳಲ್ಲಿ ಅಂದಕ್ಕೆ ಬೆಳೆಸುತ್ತಿದ್ದ ಗರಿಯಂಥ ಪಾಚಿ. ಮುಂದಿನ ವರ್ಷಗಳಲ್ಲಿ ಅದು ಮೆಡಿಟರೇನಿಯನ್ನಿನ ಸಾವಿರಾರು ಹೆಕ್ಟೇರ್ ತಳವನ್ನು ಹಾಸಿಕೊಂಡಿತು. 2000ದ ಜೂನಿನಲ್ಲಿ ಅದೇ ಪಾಚಿ ಇಲ್ಲೇ, ಮೀರಾ ಮೇಸಾದಿಂದ ಕಾರಿನಲ್ಲಿ ಅರ್ಧ ಗಂಟೆಯ ಆಚೆಗಿರುವ ಕಾರ್ಲ್ಸ್‌ಬಾಡ್ ಊರಿನ ಹಿನ್ನೀರಿನಲ್ಲಿ, ಕಡಲಹುಲ್ಲು ನೋಡಲು ಮುಳುಗಿದವರ ಕಣ್ಣಿಗೆ ಬಿತ್ತು. ಮಚ್ಚೆ ಮಚ್ಚೆಗೂ ಟಾರ್ಪಾಲು ಹೊದಿಸಿ, ಒಳಗೆ ಕ್ಲೋರಿನ್ ಬಿಟ್ಟು ಕೊಂದರು. ಪೂರ್ತಿ ಹೋಯಿತೆಂದು ಘೋಷಿಸುವಾಗ 2006 ಬಂದಿತ್ತು, ಖರ್ಚು ಸುಮಾರು 70 ಲಕ್ಷ ಡಾಲರ್. ಕೌಲರ್ಪಾದ ಒಂಬತ್ತು ಜಾತಿಗಳನ್ನು ಮಾರುವುದು, ಇಟ್ಟುಕೊಳ್ಳುವುದು ಎರಡನ್ನೂ ಕ್ಯಾಲಿಫೋರ್ನಿಯಾ 2001ರಲ್ಲೇ ನಿಷೇಧಿಸಿತ್ತು. ಅಷ್ಟಾದರೂ 2023ರಲ್ಲಿ ಸ್ಯಾನ್ ಡಿಯಾಗೊ ಕೊಲ್ಲಿಯಲ್ಲಿ ಅದರ ಇನ್ನೊಂದು ಜಾತಿ ಸಿಕ್ಕಿತು. ಯಾರದೋ ಮನೆಯ ತೊಟ್ಟಿಯ ನೀರು ಎಂಬುದೇ ಎಲ್ಲರ ಗುಮಾನಿ.

ಮಂಗಳವಾರದಿಂದ ಗೆಳೆಯ ಕೆಲಸದ ಮೇಲೆ ಬೇರೆ ಊರಿಗೆ ಹೋಗಬೇಕು. ಈ ಸಲ ಪಕ್ಕದ ಮನೆಯ ಹುಡುಗನಿಗೆ ರಜೆ, ಮೀನಿನ ಊಟ ತಾಯಿಯ ಪಾಲಿಗೆ. ಅವನು ಔಷಧಿ ಅಂಗಡಿಯಿಂದ ಏಳು ಗೂಡಿನ ಮಾತ್ರೆ ಡಬ್ಬಿ ತಂದಿದ್ದಾನೆ. ತಾಯಿಯ ಬಿಪಿ ಮಾತ್ರೆಯ ಡಬ್ಬಿ ನೀಲಿ, ಇದು ಹಸಿರು. ಅದಲುಬದಲಾಗದಿರಲಿ ಎಂದು ಮುಚ್ಚಳದ ಮೇಲೆ ಮೀನಿನ ಚಿತ್ರ ಅಂಟಿಸಿದ್ದಾನೆ. ಒಂದೊಂದು ಗೂಡಿಗೂ ಒಣ ಆಹಾರದ ಕಾಳು ಚಿಟಿಕೆಯಷ್ಟು. ತಾಯಿ ಗೂಡುಗಳನ್ನು ಒಂದೊಂದಾಗಿ ತೆರೆದು ನೋಡಿದರು.

"ಇಷ್ಟೇನಾ? ಶುಕ್ರವಾರದ್ದು ಖಾಲಿ ಇದೆಯಲ್ಲೋ."

"ಅವತ್ತು ಅವಕ್ಕೆ ಏಕಾದಶಿ ಅಂದ್ಕೋ."

"ಏಕಾದಶಿಗೂ ಫಲಾಹಾರ ಇರತ್ತೆ ಕಣೋ."

ಗೆಳೆಯ ಒಂದು ಕ್ಷಣ ಯೋಚಿಸಿ, ಒಣಗಿಸಿದ ಕಡಲಪಾಚಿಯ ನೋರಿ ಹಾಳೆಯಿಂದ ಬೆರಳಗಲದ ಒಂದು ಚೂರು ಹರಿದು ಶುಕ್ರವಾರದ ಗೂಡಿಗೆ ಹಾಕಿದ. "ಹಳದಿಯವನಿಗೆ ಮಾತ್ರ" ಎಂದ.